ಶಾಲೆಯ ಎಲ್ಲ ಮಕ್ಕಳಿಗೂ ಫ್ಲೂ ಲಸಿಕೆ: ಮಾಡಿ ಗೊತ್ತಿದ್ದವರು ತಿಳಿಸಿ

ಪ್ರಶ್ನೆ (ಪೋಷಕರ ಸಮಿತಿ, ಶಿವಮೊಗ್ಗ): ನಮ್ಮ ಶಾಲೆಯಲ್ಲಿ ಎಲ್‌ಕೆಜಿಯಿಂದ ಹತ್ತನೇ ತರಗತಿವರೆಗೆ 480 ಮಕ್ಕಳಿದ್ದಾರೆ, ತರಗತಿಗೆ 40. ಉಬ್ಬಸ ಇರುವವರಿಗೆ ಮಾತ್ರವಲ್ಲ, ಎಲ್ಲರಿಗೂ ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಬೇಕೆಂದಿದ್ದೇವೆ. ಹತ್ತಿರದ ನರ್ಸಿಂಗ್ ಹೋಮ್‌ನವರು ಶಾಲೆಗೇ ಬಂದು ಹಾಕಲು ಒಪ್ಪಿದ್ದಾರೆ. ಎಷ್ಟು ಡೋಸ್ ತರಿಸಬೇಕು, ಯಾವ ತಿಂಗಳು ಒಳ್ಳೆಯದು, ಎಲ್ಲಿ ಎಡವಟ್ಟಾಗುತ್ತದೆ?

ಮಕ್ಕಳ ವೈದ್ಯೆ: ಶಿಬಿರ ದಾರಿ ತಪ್ಪುವುದು ಸಾಮಾನ್ಯವಾಗಿ ಡೋಸ್ ಲೆಕ್ಕದಲ್ಲೇ. 480 ಮಕ್ಕಳು ಅಂದರೆ 480 ಡೋಸ್ ಅಲ್ಲ. ಒಂಬತ್ತು ತುಂಬದ ಮಗು ಮೊದಲ ಸಲ ಫ್ಲೂ ಲಸಿಕೆ ಪಡೆಯುವಾಗ ಕನಿಷ್ಠ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು. ಮುಂದಿನ ವರ್ಷದಿಂದ ಒಂದೇ ಸಾಕು. ಎಲ್‌ಕೆಜಿಯಿಂದ ಮೂರನೇ ತರಗತಿವರೆಗಿನ 200 ಮಕ್ಕಳಿಗೆ 400, ಉಳಿದ 280 ಮಕ್ಕಳಿಗೆ 280, ಒಟ್ಟು 680. ಹಿಂದೆಯೇ ಎರಡು ಡೋಸ್ ಆಗಿರುವ ಚಿಕ್ಕವರನ್ನು ಲಸಿಕೆ ಕಾರ್ಡ್ ನೋಡಿ ಕಳೆಯಿರಿ. ತರಗತಿ ನೋಡಿ ಅಲ್ಲ, ಹುಟ್ಟಿದ ದಿನಾಂಕ ನೋಡಿ ಪಟ್ಟಿ ಮಾಡಿ. ಮೊದಲ ಡೋಸ್ ದಿನ ಎಂಟು ವರ್ಷವಿದ್ದು, ಎರಡನೆಯದರ ಹೊತ್ತಿಗೆ ಒಂಬತ್ತು ತುಂಬಿದರೂ ಎರಡನೆಯದು ಹಾಕಲೇಬೇಕು.

ಮೂರು ವರ್ಷ ದಾಟಿದವರಿಗೆಲ್ಲ 0.5 ಮಿ.ಲೀ. ಅದಕ್ಕಿಂತ ಚಿಕ್ಕ ತಮ್ಮ ತಂಗಿಯರನ್ನೂ ಸೇರಿಸಿಕೊಳ್ಳುವುದಾದರೆ ಎಚ್ಚರ: ಕೆಲವು ಬ್ರ್ಯಾಂಡ್‌ಗಳಲ್ಲಿ ಅವರಿಗೆ 0.25, ಕೆಲವದರಲ್ಲಿ 0.5. ಡಬ್ಬಿಯೊಳಗಿನ ಚೀಟಿ ಹೇಳಿದ್ದೇ ಅಂತಿಮ.

ತಿಂಗಳ ವಿಚಾರ. ನಮ್ಮಲ್ಲಿ ಫ್ಲೂ ಏರುವುದು ಮಳೆಗಾಲದೊಂದಿಗೆ. ಲಸಿಕೆ ಕೆಲಸ ಶುರುಮಾಡಲು ಸುಮಾರು ಎರಡು ವಾರ ಬೇಕು. ಶಾಲೆ ತೆರೆದ ಮೇಲೆ ಮೊದಲ ಡೋಸ್ ಹಾಕಿದರೆ ಚಿಕ್ಕವರ ಎರಡನೆಯದು ಜುಲೈಗೆ ಹೋಗುತ್ತದೆ, ಆಗಲೇ ತಡವಾಗಿರುತ್ತದೆ. ಆದ್ದರಿಂದ ಬೇಸಿಗೆ ರಜೆಗೆ ಮೊದಲು ಎಲ್ಲರಿಗೂ ಒಂದು ಡೋಸ್, ಶಾಲೆ ತೆರೆದ ವಾರವೇ ಚಿಕ್ಕವರಿಗೆ ಎರಡನೆಯದು. ಅಂತರ ನಾಲ್ಕು ವಾರ ಮೀರಿದರೆ ತೊಂದರೆಯಿಲ್ಲ, ಮತ್ತೆ ಮೊದಲಿನಿಂದ ಶುರುಮಾಡಬೇಕಾಗಿಲ್ಲ.

ಕೊಳ್ಳುವಾಗ ಎಕ್ಸ್‌ಪೈರಿ ಒಂದನ್ನೇ ನೋಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಉತ್ತರ ಗೋಳಾರ್ಧಕ್ಕೆ ಫೆಬ್ರುವರಿಯಲ್ಲಿ, ದಕ್ಷಿಣಕ್ಕೆ ಸೆಪ್ಟೆಂಬರ್‌ನಲ್ಲಿ, ಲಸಿಕೆಗೆ ಯಾವ ವೈರಸ್ ತಳಿಗಳು ಸೇರಬೇಕೆಂದು ಸೂಚಿಸುತ್ತದೆ. ಡಬ್ಬಿಯ ಮೇಲೆ ಯಾವ ವರ್ಷದ, ಯಾವ ಗೋಳಾರ್ಧದ ತಳಿ ಎಂದು ಬರೆದಿರುತ್ತದೆ. ಹಳೆಯ ದಾಸ್ತಾನಿಗೆ ರಿಯಾಯಿತಿ ಸಿಕ್ಕರೂ ಬೇಡ ಅನ್ನಿ. ನಾಲ್ಕು ತಳಿಯದೇ ಬೇಕೆಂದು ಹಟವೂ ಬೇಡ. ನಾಲ್ಕನೆಯದಾದ ಬಿ ಯಮಗಾಟ ತಳಿ 2020ರ ಮಾರ್ಚ್ ನಂತರ ಕಂಡಿಲ್ಲ, ಮೂರು ತಳಿಯದು ಸಾಕು.

ಮರುಪ್ರಶ್ನೆ: ಗಟ್ಟಿಮುಟ್ಟಾದ ಹೈಸ್ಕೂಲ್ ಮಕ್ಕಳಿಗೆ ಯಾಕೆ ಎಂದು ಕೆಲವು ಪೋಷಕರು ಕೇಳುತ್ತಿದ್ದಾರೆ. ಏನು ಹೇಳೋಣ?

ಸಮುದಾಯ ಆರೋಗ್ಯ: ನಿಜ ಹೇಳಿ. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಫ್ಲೂ ಲಸಿಕೆ ಇಲ್ಲ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಆರು ತಿಂಗಳಿಂದ ಐದು ವರ್ಷದವರಿಗೆ ಪ್ರತಿವರ್ಷ, ಅದರ ಮೇಲೆ ಅಪಾಯ ಹೆಚ್ಚಿರುವವರಿಗೆ ಎನ್ನುತ್ತದೆ. ಅಮೆರಿಕ 2008ರಲ್ಲಿ ಆರು ತಿಂಗಳಿಂದ 18 ವರ್ಷದವರೆಗೆ ಎಲ್ಲರಿಗೂ ವಿಸ್ತರಿಸಿತು. ಕಾರಣ ಮಗು ಒಂದೇ ಅಲ್ಲ, ಮನೆಯ ಅಜ್ಜ ಅಜ್ಜಿ ಕೂಡ. ಶಾಲೆಯಲ್ಲಿ ಹಬ್ಬಿದ್ದು ಮನೆಗೆ ಬರುತ್ತದೆ. ಜಪಾನಿನಲ್ಲಿ 1962ರಿಂದ ಶಾಲಾ ಮಕ್ಕಳಿಗೆ ಹಾಕುತ್ತಿದ್ದರು, 1994ರಲ್ಲಿ ಕೈಬಿಟ್ಟರು. ಆಮೇಲೆ ಚಳಿಗಾಲದ ಸಾವುಗಳು ಏರಿದ್ದನ್ನು 2001ರಲ್ಲಿ ಸಂಶೋಧಕರು ತೋರಿಸಿದರು. ಕೆನಡಾದಲ್ಲಿ ಪ್ರತ್ಯೇಕವಾಗಿ ಒಟ್ಟಿಗೆ ಬಾಳುವ ಹಟರೈಟ್ ಎಂಬ ಕ್ರೈಸ್ತ ಪಂಗಡದ ವಸಾಹತುಗಳಲ್ಲಿ ಮಕ್ಕಳಿಗಷ್ಟೇ ಲಸಿಕೆ ಹಾಕಿದಾಗ ಹಾಕಿಸಿಕೊಳ್ಳದವರಿಗೂ ಸುಮಾರು 61 ಶೇಕಡ ರಕ್ಷಣೆ ಸಿಕ್ಕಿತು. ಹಣ ಕಡಿಮೆ ಬಿದ್ದರೆ ಮಾತ್ರ ಸರದಿ ಮಾಡಿ: ಮೊದಲು ಉಬ್ಬಸ, ಹೃದಯ, ಮಧುಮೇಹದ ಮಕ್ಕಳು, ನಂತರ ಚಿಕ್ಕವರು, ಆಮೇಲೆ ದೊಡ್ಡವರು.

ಔಷಧ ವಿತರಣೆ: ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಎಲ್ಲರೂ ಬಿಸಿಗೆ ಹೆದರುತ್ತಾರೆ, ಆದರೆ ಹೆಪ್ಪುಗಟ್ಟುವುದೂ ಅಷ್ಟೇ ಕೆಟ್ಟದ್ದು. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ನೇರ ಕ್ಯಾರಿಯರ್‌ಗೆ (ಲಸಿಕೆ ಒಯ್ಯುವ ತಂಪು ಪೆಟ್ಟಿಗೆ) ತುಂಬಬೇಡಿ. ಪ್ಯಾಕ್ ಬೆವರಬೇಕು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು, ಆಮೇಲೆ ಇಡಿ. ಸಿರಿಂಜ್ ಪ್ಯಾಕಿಗೆ ತಾಗದಂತೆ ನಡುವೆ ರಟ್ಟು ಹಾಕಿ. ಹೆಪ್ಪುಗಟ್ಟಿತ್ತೇ ಎಂದು ಕುಲುಕಿ ನೋಡುವ ಪರೀಕ್ಷೆ ಅಲ್ಯೂಮಿನಿಯಂ ಇರುವ ಲಸಿಕೆಗಳಿಗೆ, ಫ್ಲೂ ಲಸಿಕೆಯಲ್ಲಿ ಅದು ಏನನ್ನೂ ಹೇಳುವುದಿಲ್ಲ. ಹೆಪ್ಪುಗಟ್ಟಿದೆ ಎಂಬ ಸಂಶಯ ಬಂದರೂ ಬಳಸಬಾರದು. ತುಂಬಿದ ಸಿರಿಂಜ್‌ನ ಡಬ್ಬಿಗಳು ಬಹಳ ಜಾಗ ತಿನ್ನುತ್ತವೆ, ಕೈಯಲ್ಲಿ ಹಿಡಿಯುವ ಕ್ಯಾರಿಯರ್ ಒಂದು ಸಾಲದು. ಬೆಳಕು ತಾಗಬಾರದು ಅನ್ನುವ ಕಾರಣಕ್ಕೆ ಡಬ್ಬಿ ಬಿಚ್ಚಿಯೂ ತುಂಬುವಂತಿಲ್ಲ. ದೊಡ್ಡ ಕೋಲ್ಡ್ ಬಾಕ್ಸ್ ತರಿಸಿ, ಇಲ್ಲವೇ ದಿನಕ್ಕೆ ಎರಡು ಮೂರು ತರಗತಿ ಮಾತ್ರ ಇಟ್ಟುಕೊಳ್ಳಿ. ಶಾಲೆಯ ಫ್ರಿಜ್‌ನಲ್ಲಿ ರಾತ್ರಿ ಉಳಿಸಬೇಡಿ.

ಶಾಲಾ ಲಸಿಕೆ ನರ್ಸ್, ಬ್ರಿಟನ್: ಇಲ್ಲಿ 2013ರಿಂದ ಹಂತಹಂತವಾಗಿ ಶಾಲೆಗಳಲ್ಲಿ ಕೊಡುತ್ತಿದ್ದಾರೆ. ಮುಖ್ಯವಾಗಿ ಮೂಗಿಗೆ ಸಿಂಪಡಿಸುವ ಲಸಿಕೆ, ಹೊಳ್ಳೆಗೆ 0.1 ಮಿ.ಲೀ. ಇಲ್ಲಿ ಆರೋಗ್ಯವಂತ ಮಕ್ಕಳಿಗೆ ಒಂದೇ ಡೋಸ್, ಆ ಲೆಕ್ಕವನ್ನು ನಿಮ್ಮ ಶಿಬಿರಕ್ಕೆ ಅನ್ವಯಿಸಬೇಡಿ. ಇಲ್ಲಿಂದ ತೆಗೆದುಕೊಳ್ಳಬೇಕಾದದ್ದು ಒಪ್ಪಿಗೆ ಪತ್ರದ ಶಿಸ್ತು. ಪತ್ರದಲ್ಲಿ "ಹೌದು", "ಬೇಡ" ಎರಡೂ ಇರಲಿ. ಆಗ ವಾಪಸ್ ಬಾರದ ಪತ್ರ ಯಾವುದು, ನಿರಾಕರಣೆ ಯಾವುದು ಎಂದು ತಿಳಿಯುತ್ತದೆ, ಬಾರದವರಿಗೆ ಫೋನ್ ಮಾಡಬಹುದು. ಹಿಂದೆ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದೆಯೇ, ಹಿಂದಿನ ಫ್ಲೂ ಲಸಿಕೆಯ ಆರು ವಾರದೊಳಗೆ ಗಿಲಾನ್ ಬಾರೆ (ನರಗಳಿಗೆ ಹಾನಿಯಾಗಿ ಕೈಕಾಲು ಸೋಲುವ) ಕಾಯಿಲೆ ಬಂದಿತ್ತೇ, ಈ ಎರಡು ಪ್ರಶ್ನೆ ತಪ್ಪಬಾರದು. ಮೊದಲನೆಯದಕ್ಕೆ ಹೌದು ಅಂದವರಿಗೆ ಹಾಕಬೇಡಿ, ಎರಡನೆಯದರದ್ದು ಅವರ ವೈದ್ಯರ ತೀರ್ಮಾನ.

ಲಸಿಕೆ ಕೊಠಡಿ ನರ್ಸ್: ಸಣ್ಣ ನೆಗಡಿ ಇದ್ದರೆ ಹಾಕಬಹುದು, ಜ್ವರ ಜೋರಿದ್ದರೆ ಮುಂದೂಡಿ. ಚುಚ್ಚುವುದು ತೋಳಿನ ಮೇಲ್ಭಾಗದ ಸ್ನಾಯುವಿಗೆ, ಆದ್ದರಿಂದ ಅಂದು ಬಿಗಿ ತೋಳಿನ ಅಂಗಿ ಬೇಡವೆಂದು ಡೈರಿಯಲ್ಲಿ ಬರೆಸಿ. ಖಾಲಿ ಹೊಟ್ಟೆಯಲ್ಲೂ ಬರಬಾರದು. ಹದಿಹರೆಯದವರು ತಲೆಸುತ್ತಿ ಬೀಳುತ್ತಾರೆ, ಅದರಲ್ಲೂ ಸಾಲಿನಲ್ಲಿ ನಿಂತು ಒಬ್ಬರನ್ನೊಬ್ಬರು ನೋಡುತ್ತಾ ಕಾದರೆ. ಪರದೆ ಕಟ್ಟಿ, ಕೂರಿಸಿ ಹಾಕಿ, 15 ನಿಮಿಷ ಕೂರಿಸಿಯೇ ಬಿಡಿ.

ತಲೆಸುತ್ತಿದವರ ಮುಖ ಬಿಳಿಚುತ್ತದೆ, ನಾಡಿ ನಿಧಾನ, ಮಲಗಿಸಿ ಕಾಲೆತ್ತಿದರೆ ಬೇಗ ಸುಧಾರಿಸುತ್ತಾರೆ. ಮೈಮೇಲೆ ದದ್ದು, ಉಬ್ಬಸ, ನಾಡಿ ವೇಗ ಕಂಡರೆ ಅದು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೆ ಅಪಾಯ ತರುವ ತೀವ್ರ ಅಲರ್ಜಿ. ಆಗ ಅಡ್ರಿನಲಿನ್ 1:1000, ಕೆ.ಜಿ.ಗೆ 0.01 ಮಿ.ಲೀ., ತೊಡೆಯ ಹೊರಬದಿಯ ಸ್ನಾಯುವಿಗೆ. 20 ಕೆ.ಜಿ. ಮಗುವಿಗೆ 0.2 ಮಿ.ಲೀ. ಅಡ್ರಿನಲಿನ್ 1 ಮಿ.ಲೀ. ಸಿರಿಂಜ್ ಜೊತೆಗೇ ಟೇಬಲ್ ಮೇಲಿರಲಿ, ವೈದ್ಯರೊಬ್ಬರು ಸ್ಥಳದಲ್ಲೇ ಇರಲಿ, ಆಂಬುಲೆನ್ಸ್‌ಗೆ ಗೇಟಿನ ದಾರಿ ತೆರವಿರಲಿ.

ರಾತ್ರಿ ಜ್ವರ ಬಂದರೆ ಪ್ಯಾರಸಿಟಮಾಲ್, ಆಸ್ಪಿರಿನ್ ಬೇಡ. ಬಳಸಿದ ಸಿರಿಂಜ್ ಸೂಜಿಗೆ ಮತ್ತೆ ಮುಚ್ಚಳ ಹಾಕದೆ ನೇರ ಚೂಪು ವಸ್ತುಗಳ ಬಿಳಿ ಡಬ್ಬಿಗೆ ಹಾಕಿ. ಪ್ರತಿ ಮಗುವಿನ ಕಾರ್ಡಿನಲ್ಲಿ ಬ್ರ್ಯಾಂಡ್, ಬ್ಯಾಚ್ ನಂಬರ್, ದಿನಾಂಕ ಬರೆಯಿರಿ. ಚಿಕ್ಕವರ ಕಾರ್ಡಿನಲ್ಲಿ ಎರಡನೇ ಡೋಸ್‌ನ ದಿನಾಂಕವನ್ನೂ ಅಲ್ಲೇ ಬರೆದು ಕೊಡಿ, ರಜೆ ಮುಗಿಸಿ ಬರುವಷ್ಟರಲ್ಲಿ ಮನೆಯವರು ಅದನ್ನು ಮರೆತಿರುತ್ತಾರೆ.