ಮರ್ಲಿನ್ ಮನ್ರೋ ಪಾಪ್ ಆರ್ಟ್ ಚಿತ್ರ ಸಿಕ್ಕಿದೆ, ಬೆಲೆ ಕಟ್ಟಿಸೋದು ಹೇಗೆ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿಲಿ, ಹೋದ ವಾರ ಪಕ್ಕದ ಬೀದಿಲಿ ಎಸ್ಟೇಟ್ ಸೇಲ್ (ಒಂದು ಮನೆಯ ಸಾಮಾನೆಲ್ಲ ಮಾರೋದು) ಇತ್ತು, ಅಲ್ಲಿ ಮರ್ಲಿನ್ ಮನ್ರೋ ಮುಖದ ದೊಡ್ಡ ಪೇಂಟಿಂಗ್ ನೋಡಿ ನಮ್ಮನೆಯವ್ರು ಬೇಡ ಅಂದ್ರೂ ಕೇಳ್ದೆ 150 ಡಾಲರ್ ಕೊಟ್ಟು ತಂದೆ. ಹಳದಿ ಕೂದ್ಲು, ಗುಲಾಬಿ ಮುಖ, 36 ಇಂಚು ಚೌಕ. ಸೈನ್ ಎಲ್ಲೂ ಕಾಣ್ತಿಲ್ಲ. ಪಾಪ್ ಆರ್ಟ್ ಕಲಾವಿದ ಆಂಡಿ ವಾರ್ಹಾಲ್ ಮಾಡಿದ ಮರ್ಲಿನ್ 2022ರಲ್ಲಿ 195 ಮಿಲಿಯನ್ ಡಾಲರ್‌ಗೆ ಹೋಯ್ತು ಅಂತ ಓದಿದ ಮೇಲೆ ತಲೆಲಿ ಇದೇ ಕೊರೀತಿದೆ. ಅಪ್ರೈಸಲ್ (ಬೆಲೆ ಕಟ್ಟಿಸೋದು) ಮಾಡಿಸ್ಲಾ? ಗಾಜಿನ ಒಳಗೆ ಮಬ್ಬು ಕೂತಿದೆ, ಬಿಚ್ಚಿ ಒರೆಸಬಹುದಾ?

ಉತ್ತರ 1:
ಮೇಡಂ ದಯವಿಟ್ಟು ಒರೆಸ್ಬೇಡಿ. ಆ 195 ಮಿಲಿಯನ್‌ದು 1964ರ ಕ್ಯಾನ್ವಾಸ್, 40 ಇಂಚು, ಅಂಥವು ಮಾಡಿದ್ದೇ ಐದು. ನಿಮ್ದು ಪೇಪರ್ ಮೇಲಿದ್ರೆ ಅದು ಪೇಂಟಿಂಗ್ ಅಲ್ಲ, ಪ್ರಿಂಟೇ ಇರ್ಬೇಕು. 1967ರಲ್ಲಿ ವಾರ್ಹಾಲ್ 10 ಮರ್ಲಿನ್‌ಗಳ ಸ್ಕ್ರೀನ್ ಪ್ರಿಂಟ್ (ಜಾಲರಿ ಬಟ್ಟೆ ಮೂಲಕ ಇಂಕು ಒತ್ತಿದ್ದು) ಸೆಟ್ ಮಾಡಿದ್ರು, 250 ಪ್ರತಿ, ಅಳತೆ ನೀವು ಹೇಳಿದ್ದೇ 36 ಇಂಚು. ಅದ್ರಲ್ಲಿ ಸೈನ್ ಇರೋದು ಹಿಂದೆ, ಪೆನ್ಸಿಲ್‌ನಲ್ಲಿ, ನಂಬರ್ ರಬ್ಬರ್ ಸ್ಟಾಂಪ್‌ನಲ್ಲಿ. ಅದಕ್ಕೇ ಮೊದ್ಲು ಬೆನ್ನು ನೋಡಿ. ಆದ್ರೆ ಸಂಡೇ ಬಿ ಮಾರ್ನಿಂಗ್ ಅನ್ನೋ ಪ್ರಕಾಶಕರದ್ದು ಇನ್ನೊಂದಿದೆ, 1970ರಿಂದ ಅದೇ ಮರ್ಲಿನ್‌ನ ಅವ್ರು ಮತ್ತೆ ಪ್ರಿಂಟ್ ಮಾಡಿದ್ದು, ಮೊದಲಿನವಕ್ಕೆ ಕಪ್ಪು ಸ್ಟಾಂಪು ಆಮೇಲಿನವಕ್ಕೆ ನೀಲಿ, 'ನಿಮ್ಮ ಸೈನ್ ನೀವೇ ಹಾಕ್ಕೊಳ್ಳಿ' ಅಂತ ಇಂಗ್ಲಿಷಲ್ಲಿ ಒತ್ತಿರ್ತಾರೆ.

ಉತ್ತರ 2:
ನಮ್ದು ಬೆಂಗಳೂರಲ್ಲಿ ಸ್ಕ್ರೀನ್ ಪ್ರಿಂಟಿಂಗ್, ಅಪ್ಪನ ಕಾಲದಿಂದ ಲಗ್ನಪತ್ರಿಕೆ ಮಾಡ್ಕೊಂಡ್ ಬಂದಿದೀವಿ. ಒಂದು ಭೂತಗನ್ನಡಿ ಹಿಡಿದು ಗುಲಾಬಿ ಜಾಗ ನೋಡಿ. ಸಣ್ಣ ಸಣ್ಣ ಕೆಂಪು, ಹಳದಿ, ನೀಲಿ ಚುಕ್ಕಿ ಸೇರ್ಕೊಂಡು ಗುಲಾಬಿ ಆಗಿದ್ರೆ ಅದು ಆಫ್‌ಸೆಟ್ ಪೋಸ್ಟರ್ರು, ಅಂದ್ರೆ ಮೆಷಿನ್‌ನಲ್ಲಿ ಅಚ್ಚಾದ ಮಾಮೂಲಿ ಪೋಸ್ಟರ್ರು. ಸ್ಕ್ರೀನ್ ಪ್ರಿಂಟ್ ಆದ್ರೆ ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನು, ಇಂಕು ತುಂಬ್ಕೊಂಡು ಪೇಪರ್ ಮೇಲೆ ದಪ್ಪಗೆ ಕೂತಿರುತ್ತೆ. ಕಣ್ಣು ಬಾಯಿ ಹತ್ರ ಕಪ್ಪಲ್ಲಿ ಚುಕ್ಕಿ ಇದ್ರೆ ಗಾಬರಿ ಬೇಡ, ಫೋಟೋಯಿಂದ ಸ್ಕ್ರೀನ್ ಮಾಡಿದ್ರೆ ಅದು ಬಂದೇ ಬರುತ್ತೆ.

ಉತ್ತರ 3:
ಅಪ್ರೈಸರ್ ಹತ್ರ ಹೋದ್ರೆ ಗಂಟೆ ಲೆಕ್ಕದಲ್ಲೋ ಒಟ್ಟು ಇಷ್ಟು ಅಂತಲೋ ಫೀಸ್ ತಗೊಳೋರ ಹತ್ರ ಹೋಗಿ. ಬೆಲೆಲಿ ಪರ್ಸೆಂಟ್ ಕೇಳೋರು, ನಾನೇ ಕೊಂಡ್ಕೋತೀನಿ ಅನ್ನೋರು ಬೇಡ. ವಾರ್ಹಾಲ್ ಅಸಲಿನಾ ಅಂತ ಹೇಳ್ತಿದ್ದ ಬೋರ್ಡ್ 2012ರಲ್ಲೇ ಮುಚ್ಚಿದೆ, ಅದ್ರ ಹೊಸ ಸರ್ಟಿಫಿಕೇಟ್ ಅಂತ ಯಾರಾದ್ರೂ ತೋರಿಸಿದ್ರೆ ನಂಬ್ಬೇಡಿ.

ಪ್ರಶ್ನೆ ಕೇಳಿದವರು:
ಫ್ರೇಮ್ ಅಂಗಡಿಲಿ ಹಿಂದಿನ ಹಲಗೆ ಬಿಚ್ಚಿಸಿದ್ವಿ. ನೀಲಿ ಸ್ಟಾಂಪು. ಪೆನ್ಸಿಲ್ ಗುರುತೇ ಇಲ್ಲ, ಅಂದ್ರೆ ಸಂಡೇ ಬಿ ಮಾರ್ನಿಂಗ್‌ದೇ ಇರ್ಬೇಕು. ಗುಲಾಬಿಲಿ ಚುಕ್ಕಿ ಇಲ್ಲ, ಬಣ್ಣ ದಪ್ಪಗೇ ಇದೆ. ಸ್ವಲ್ಪ ಬೇಜಾರಾಯ್ತು, ಆದ್ರೆ ಎದುರಿಗೆ ನಿಂತ್ರೆ ಆ ಬಣ್ಣ ಈಗ್ಲೂ ಹಿಡಿದು ನಿಲ್ಲಿಸುತ್ತೆ, ಮಾರಲ್ಲ. ಹಾಲ್‌ನಲ್ಲಿ ಕಿಟಕಿ ಎದುರು ಹಾಕ್ಲಾ?

ಉತ್ತರ 2:
ಕಿಟಕಿ ಎದುರು ಬೇಡ ಮೇಡಂ, ಬಿಸಿಲಿಗೆ ಮೊದ್ಲು ಹೋಗೋದೇ ಗುಲಾಬಿ. ಯುವಿ ತಡೆಯೋ ಗಾಜು ಹಾಕ್ಸಿ, ಗಾಜು ಇಂಕಿಗೆ ತಾಗದ ಹಾಗೆ ಸುತ್ತ ಮೌಂಟ್ (ದಪ್ಪ ರಟ್ಟಿನ ಅಂಚು) ಕೊಡಿಸಿ.