16 ಪೌಂಡಿನ ಟರ್ಕಿ ಇನ್ನೂ ಫ್ರೀಜರಿನಲ್ಲಿದೆ: ಗುರುವಾರದ ಊಟಕ್ಕೆ ಸಿದ್ಧವಾದೀತೇ?

ಪ್ರಶ್ನೆ

ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಈ ಗುರುವಾರ ಸಂಜೆ ಐದು ಗಂಟೆಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಹತ್ತು ಜನರನ್ನು ಕರೆದಿದ್ದೇವೆ. ಊರಿನಲ್ಲಿ ಬೆಳಿಗ್ಗೆ ಕೋಳಿ ತಂದು ಮಧ್ಯಾಹ್ನಕ್ಕೆ ಸಾರು ಮಾಡಿ ರೂಢಿಯಾದ ನನಗೆ, ಟರ್ಕಿ ಕೋಳಿಯನ್ನು ದಿನಗಟ್ಟಲೆ ಮೊದಲೇ ಫ್ರೀಜರಿನಿಂದ ತೆಗೆದಿಡಬೇಕೆಂಬುದು ಇಂದು, ಮಂಗಳವಾರ ರಾತ್ರಿ, ತಿಳಿಯಿತು. ರಾತ್ರಿಯಿಡೀ ಅಡುಗೆಕಟ್ಟೆಯ ಮೇಲಿಟ್ಟು ಹಿಮ ಬಿಡಿಸಬಹುದೇ? ಉಪ್ಪು, ಅರಿಶಿನ ಹಾಕಿ ತೊಳೆದು ನಮ್ಮ ಮಸಾಲೆ ಹಚ್ಚಬಹುದೇ?

ಮೊದಲ ಉತ್ತರ

ದಯವಿಟ್ಟು ಕಟ್ಟೆಯ ಮೇಲೆ ಇಡಬೇಡಿ. ಇಷ್ಟು ದೊಡ್ಡ ಹಕ್ಕಿಯ ಒಡಲು ಕಲ್ಲಿನಂತಿರುವಾಗಲೇ ಅದರ ಹೊರಮೈ 40 ಡಿಗ್ರಿ ಫ್ಯಾರನ್‌ಹೀಟ್ ದಾಟಿರುತ್ತದೆ, ಅಲ್ಲಿಂದ 140 ಡಿಗ್ರಿಯವರೆಗಿನ ಬಿಸಿಯಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಂತೆ ಫ್ರಿಜ್ಜಿನಲ್ಲಿ ಪ್ರತಿ 4–5 ಪೌಂಡಿಗೆ ಒಂದು ದಿನ ಬೇಕು, ಅಂದರೆ ನಿಮ್ಮದಕ್ಕೆ ಮೂರು ನಾಲ್ಕು ದಿನ. ತಣ್ಣೀರಿನಲ್ಲಾದರೆ ಪೌಂಡಿಗೆ ಅರ್ಧ ಗಂಟೆ ಸಾಕು. ಆದರೆ ನೀರಿನಲ್ಲಿ ಹಿಮ ಬಿಡಿಸಿದ್ದನ್ನು ಕೂಡಲೇ ಬೇಯಿಸಬೇಕು.

ಆದ್ದರಿಂದ ಈಗಲೇ ಒಂದು ತಟ್ಟೆಯಲ್ಲಿಟ್ಟು ಫ್ರಿಜ್ಜಿನ ಕೆಳತಟ್ಟಿಗೆ ಸೇರಿಸಿ. ಗುರುವಾರ ಬೆಳಗಿನ ಐದಕ್ಕೆ, ನೀರು ಒಳಸೇರದ ಚೀಲದಲ್ಲಿ ಕಟ್ಟಿ, ತಣ್ಣೀರಿನಲ್ಲಿ ಪೂರ್ತಿ ಮುಳುಗಿಸಿ ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತಿದ್ದರೆ ಫ್ರಿಜ್ಜಿನಲ್ಲೇ ಒಂದಿಷ್ಟು ಹಿಮ ಬಿಟ್ಟಿರುವುದರಿಂದ ಪೂರ್ತಿ ಎಂಟು ಗಂಟೆ ಬೇಕಾಗದೆ ಹತ್ತೂವರೆಯ ಹೊತ್ತಿಗೆ ಹದಕ್ಕೆ ಬರುತ್ತದೆ. 325 ಡಿಗ್ರಿಯ ಓವನ್ನಿನಲ್ಲಿ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಒಳಗೆ ಒಂದಿಷ್ಟು ಹಿಮ ಉಳಿದಿದ್ದರೂ ಹೆದರಬೇಕಿಲ್ಲ, ಬೇಯಲು ಹೆಚ್ಚು ಹೊತ್ತು ಬೇಕಾಗುತ್ತದೆ ಅಷ್ಟೆ. ಕತ್ತಿನ ಕಡೆ ಮತ್ತು ಹೊಟ್ಟೆಯೊಳಗೆ ಕೈಯಾಡಿಸಿ, ಈಲಿ, ಗುಂಡಿಗೆಗಳನ್ನು ತುಂಬಿಟ್ಟ ಚೀಲವನ್ನು ಮರೆಯದೆ ತೆಗೆಯಿರಿ.

ಎರಡನೆಯ ಉತ್ತರ

ತೊಳೆಯುವ ವಿಷಯದಲ್ಲಿ ನಾನೂ ಬಹುಕಾಲ ನಿಮ್ಮಂತೆಯೇ ಇದ್ದೆ. ಊರಿನ ಅಂಗಡಿಯಲ್ಲಿ ಕಣ್ಣೆದುರೇ ಕೊಯ್ದು ಕೊಡುವ ಕೋಳಿಗೆ ರಕ್ತ, ಪುಕ್ಕ ಅಂಟಿರುತ್ತಿದ್ದುದರಿಂದ ಅಮ್ಮ ಅರಿಶಿನ ಹಾಕಿ ತೊಳೆಯುತ್ತಿದ್ದುದಕ್ಕೆ ಅರ್ಥವಿತ್ತು. ಇಲ್ಲಿ ಪೊಟ್ಟಣದಲ್ಲಿ ಬರುವುದು ಆಗಲೇ ಶುಚಿಯಾಗಿರುತ್ತದೆ. ಅದನ್ನು ತೊಳೆದರೆ ಸಿಡಿಯುವ ಹನಿಗಳಿಂದ ಸಿಂಕಿಗೆ, ಪಕ್ಕದಲ್ಲಿಟ್ಟ ಸೊಪ್ಪಿಗೆ ಬ್ಯಾಕ್ಟೀರಿಯಾ ಹರಡುತ್ತದೆ. ಅದನ್ನು ಕೊಲ್ಲುವುದು ಬೆಂಕಿಯೇ ಹೊರತು ನೀರಲ್ಲ. ಕಾಗದದ ಟವೆಲ್ಲಿನಿಂದ ಒತ್ತಿ ಒರೆಸಿದರೆ ಸಾಕು, ಚರ್ಮವೂ ಚೆನ್ನಾಗಿ ಕೆಂಪಾಗುತ್ತದೆ.

ಮಸಾಲೆಗೆ ಮೊದಲು ಹೊದಿಕೆಯ ಮೇಲಿನ ಬರಹ ಓದಿ. ಉಪ್ಪುನೀರು ಚುಚ್ಚಿದ ಟರ್ಕಿಯೆಂದಿದ್ದರೆ ಮತ್ತೆ ಉಪ್ಪು ಹಚ್ಚಬೇಡಿ. ಬೆಣ್ಣೆಯಲ್ಲಿ ಶುಂಠಿ, ಬೆಳ್ಳುಳ್ಳಿ, ಮೆಣಸಿನಪುಡಿ, ಧನಿಯಾ ಕಲಸಿ, ಎದೆಯ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ ಅದರಡಿಗೆ ಸವರಿ. ಮೇಲೆ ಹಚ್ಚಿದ ಬೆಳ್ಳುಳ್ಳಿ ನಾಲ್ಕು ಗಂಟೆಯ ಬಿಸಿಗೆ ಸೀದು ಕಹಿಯಾಗುತ್ತದೆ.

ಪ್ರಶ್ನೆ ಕೇಳಿದವರು

ತುಂಬ ಉಪಕಾರವಾಯಿತು. ಟರ್ಕಿ ಈಗ ಫ್ರಿಜ್ಜಿನಲ್ಲಿದೆ. ಅದಕ್ಕೆ ಮೊದಲೇ ಚುಚ್ಚಿಟ್ಟಿರುವ, ಬೆಂದೊಡನೆ ಮೇಲೇಳುವ ಗುಂಡಿಯನ್ನು ನಂಬಬಹುದೇ?

ಮೊದಲ ಉತ್ತರದವರು

ಅದೊಂದನ್ನೇ ನಂಬಬೇಡಿ, ಅದು ಒಂದೇ ಜಾಗದ ಬಿಸಿಯನ್ನು ಹೇಳುತ್ತದೆ. ಥರ್ಮಾಮೀಟರನ್ನು ಮೂಳೆಗೆ ತಾಗದಂತೆ ತೊಡೆಯ ಒಳಭಾಗ, ರೆಕ್ಕೆಯ ಬುಡ, ಎದೆಯ ದಪ್ಪ ಭಾಗ ಮೂರರಲ್ಲೂ ಚುಚ್ಚಿ ನೋಡಿ, ಎಲ್ಲೆಡೆ 165 ಡಿಗ್ರಿ ಬಂದಿರಬೇಕು. ಬಳಿಕ ಕೊಯ್ಯುವ ಮುನ್ನ ಇಪ್ಪತ್ತು ನಿಮಿಷವಾದರೂ ಹಾಗೇ ಬಿಡಿ.