ಉಪ್ಪುನೀರಿನಲ್ಲಿ ಬಿತ್ತನೆ ಭತ್ತ: ಕೆಲವು ಕಾಳು ತೇಲುವುದೇಕೆ?

ಪ್ರಶ್ನೆ
ಸಸಿಮಡಿಗೆ ಹಾಕುವ ಮುನ್ನ ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಸುರಿದು, ತೇಲಿದ್ದನ್ನು ತೆಗೆದುಹಾಕಿ, ತಳಕ್ಕಿಳಿದದ್ದನ್ನು ಮಾತ್ರ ಬಳಸುವುದು ನಮ್ಮಲ್ಲಿ ರೂಢಿ. ಉಪ್ಪಿನ ಹದ ನೋಡಲು ಕೋಳಿಮೊಟ್ಟೆಯನ್ನು ಬಿಡುತ್ತೇವೆ. ಅದು ಮೇಲೆದ್ದು, ನಾಲ್ಕಾಣೆಯಗಲ ಚಿಪ್ಪು ನೀರಿನಿಂದ ಹೊರಗೆ ಕಂಡರೆ ಹದವಾಯಿತೆಂದು ಲೆಕ್ಕ. (ನಾಲ್ಕಾಣೆಯ ಚಲಾವಣೆ 2011ರಲ್ಲೇ ನಿಂತರೂ ಈ ಅಳತೆ ಮಾತ್ರ ನಿಂತಿಲ್ಲ.) ಸಾದಾ ನೀರಿನಲ್ಲಿ ಮುಳುಗಿದ ಎಷ್ಟೋ ಕಾಳುಗಳು ಉಪ್ಪುನೀರಿನಲ್ಲಿ ತೇಲುತ್ತವೆ. ಕಾಳಿನ ತೂಕವಂತೂ ಬದಲಾಗಿಲ್ಲ. ಹಾಗಾದರೆ ತೇಲುವುದನ್ನೂ ಮುಳುಗುವುದನ್ನೂ ನಿರ್ಧರಿಸುವುದು ಯಾವುದು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1
ವಸ್ತುವಿನ ತೂಕವೊಂದನ್ನೇ ನೋಡಿದರೆ ಇದು ಬಗೆಹರಿಯುವುದಿಲ್ಲ; ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕವನ್ನೂ ನೋಡಬೇಕು. ನೀರಿನಲ್ಲಿರುವ ವಸ್ತುವನ್ನು ಅದು ಸರಿಸಿದ ನೀರಿನ ತೂಕದಷ್ಟೇ ಬಲ ಮೇಲಕ್ಕೆ ನೂಕುತ್ತದೆ ಎಂಬುದೇ ಆರ್ಕಿಮಿಡೀಸ್ ತತ್ವ.

ನಿಮ್ಮ ಮೊಟ್ಟೆಯಲ್ಲೇ ಲೆಕ್ಕ ಹಾಕೋಣ. 55 ಗ್ರಾಂ ತೂಗುವ ತಾಜಾ ಮೊಟ್ಟೆಯ ಗಾತ್ರ ಸುಮಾರು 51 ಘನ ಸೆಂಟಿಮೀಟರ್. ಸಾದಾ ನೀರು ಘನ ಸೆಂಟಿಮೀಟರಿಗೆ 1 ಗ್ರಾಂ ತೂಗುವುದರಿಂದ, ಮೊಟ್ಟೆ ಪೂರ್ತಿ ಮುಳುಗಿದರೂ ಅದು ಸರಿಸುವುದು 51 ಗ್ರಾಂ ನೀರನ್ನು ಮಾತ್ರ. ಇನ್ನುಳಿದ 4 ಗ್ರಾಂ ಭಾರವನ್ನು ಹೊರುವವರಿಲ್ಲದೆ ಮೊಟ್ಟೆ ತಳ ಸೇರುತ್ತದೆ. 10 ಲೀಟರ್ ನೀರಿಗೆ ಒಂದೂಕಾಲರಿಂದ ಒಂದೂವರೆ ಕಿಲೋದಷ್ಟು ಉಪ್ಪು ಕರಗಿಸಿದರೆ ನೀರಿನ ಸಾಂದ್ರತೆ ಸುಮಾರು 1.08ರಿಂದ 1.09ಕ್ಕೇರುತ್ತದೆ. ಆಗ ಅದೇ 51 ಘನ ಸೆಂಟಿಮೀಟರ್ ನೀರು 55 ಗ್ರಾಂಗಿಂತ ತುಸು ಹೆಚ್ಚೇ ತೂಗುತ್ತದೆ, ಮೊಟ್ಟೆ ಮೇಲೇಳುತ್ತದೆ. ಬದಲಾದದ್ದು ನೀರು, ಮೊಟ್ಟೆಯಲ್ಲ. ಭತ್ತದ ಕಾಳಿನ ಕಥೆಯೂ ಇದೇ.

ಉತ್ತರ 2
ಮೇಲಿನ ವಿವರಣೆ ಸರಿಯಾಗಿದೆ, ಆದರೆ ಕಾಳುಕಾಳಿಗೂ ವ್ಯತ್ಯಾಸವೇಕೆ ಎಂಬುದು ಅದರಲ್ಲಿ ಬಂದಿಲ್ಲ. ಅಕ್ಕಿ ನೀರಿಗಿಂತ ಬಹಳ ಸಾಂದ್ರವಾದದ್ದು. ಹೊಟ್ಟಿನೊಳಗಿನ ಗಾಳಿ ಹಗುರ. ಜೊಳ್ಳಿನಲ್ಲಿ ಹೆಚ್ಚುಪಾಲು ಗಾಳಿಯೇ ಇರುವುದರಿಂದ ಅದು ಸಾದಾ ನೀರಿನಲ್ಲೇ ತೇಲುತ್ತದೆ. ತೆನೆ ಹಾಲುಗಟ್ಟುವಾಗ ನೀರಿನ ಕೊರತೆಯೋ ರೋಗವೋ ತಗುಲಿ ಅರೆಬರೆ ತುಂಬಿದ ಕಾಳಿನಲ್ಲಿ ಅಕ್ಕಿಯೂ ಇರುತ್ತದೆ, ಗಾಳಿಯೂ ಇರುತ್ತದೆ. ಎರಡೂ ಸೇರಿದ ಒಟ್ಟು ಸಾಂದ್ರತೆ ಸಾದಾ ನೀರಿಗಿಂತ ಹೆಚ್ಚು, ಉಪ್ಪುನೀರಿಗಿಂತ ಕಡಿಮೆ. ಇಂಥ ಕಾಳನ್ನು ಕಣ್ಣಿನಿಂದಾಗಲಿ ಮೊರದಿಂದಾಗಲಿ ಪೂರ್ತಿ ಬೇರ್ಪಡಿಸಲಾಗದು. ಉಪ್ಪು ಹಾಕುವುದರ ಉದ್ದೇಶವೇ ಇದನ್ನು ಹಿಡಿಯುವುದು.

ಉತ್ತರ 3
ಎರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ. ಮೊಟ್ಟೆ ಅಂದಿನದೋ ಹಿಂದಿನ ದಿನದ್ದೋ ಆಗಿರಲಿ. ದಿನಗಳೆದಂತೆ ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿನ ತೇವ ಆರಿ, ಮೊಂಡು ತುದಿಯ ಗಾಳಿಗೂಡು ದೊಡ್ಡದಾಗುತ್ತದೆ; ತೀರಾ ಹಳೆಯ ಮೊಟ್ಟೆ ಸಾದಾ ನೀರಿನಲ್ಲೇ ತೇಲುವುದುಂಟು. ಅದನ್ನು ನಂಬಿದರೆ ಉಪ್ಪು ಕಡಿಮೆ ಬೀಳುತ್ತದೆ, ಅರೆಬರೆ ಕಾಳೂ ಬಿತ್ತನೆಗೆ ಸೇರಿಹೋಗುತ್ತದೆ. ಇನ್ನೊಂದು, ಭತ್ತದ ಸಿಪ್ಪೆ ಒರಟು, ರೋಮವುಳ್ಳದ್ದು. ನೀರಿಗೆ ಸುರಿದೊಡನೆ ಗಾಳಿಯ ಗುಳ್ಳೆಗಳು ಅದಕ್ಕೆ ಅಂಟಿಕೊಂಡು ಗಟ್ಟಿ ಕಾಳನ್ನೂ ತೇಲಿಸುತ್ತವೆ. ಆದ್ದರಿಂದ ಕೈಯಿಂದ ಚೆನ್ನಾಗಿ ತಿರುವಿ, ಗುಳ್ಳೆಗಳು ಬಿಟ್ಟಮೇಲೂ ತೇಲುವುದನ್ನು ಮಾತ್ರ ಬಳಿದು ತೆಗೆಯಿರಿ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಒಂದೇ ನೀರಿನಲ್ಲಿ ಎರಡು ಮೂರು ಸಲ ಬೀಜ ಹಾಕಬಹುದೇ?

ಉತ್ತರ 3
ಹಾಕಬಹುದು. ಆದರೆ ಪ್ರತಿ ಸಲವೂ ಕಾಳಿನೊಂದಿಗೆ ಒಂದಿಷ್ಟು ಉಪ್ಪುನೀರು ಹೊರಹೋಗುತ್ತದೆ. ಕಡಿಮೆಯಾದದ್ದಕ್ಕೆ ಸಾದಾ ನೀರು ಸೇರಿಸಿದರೆ ಸಾಂದ್ರತೆ ಇಳಿಯುತ್ತದೆ. ಮತ್ತೆ ಮೊಟ್ಟೆ ಬಿಟ್ಟು ನೋಡಿ, ಬೇಕಾದಷ್ಟು ಉಪ್ಪು ಸೇರಿಸಿಕೊಳ್ಳಿ. ಆರಿಸಿದ ಬೀಜವನ್ನು ಕೂಡಲೇ ಎರಡು ಮೂರು ಬಾರಿ ಸಾದಾ ನೀರಿನಲ್ಲಿ ತೊಳೆಯಲೇಬೇಕು, ಉಪ್ಪು ಉಳಿದರೆ ಮೊಳಕೆ ಕುಂಠಿತವಾಗುತ್ತದೆ.